ಕೈ ಎಂದರೆ

ಭಾವನ ಅಂಗಿಗೆ ಗುಂಡಿ ಹಾಕುವ ಕೆಲಸ ತನ್ನ ಹಣೆಯಲ್ಲಿ ಬರೆದಿದೆಯೆಂದು ಯಾರಾದರೂ ಮೊದಲೇ ಹೇಳಿದ್ದರೆ ಅವನು ಎರಡು ಕೋಣೆಯ ಮನೆಯನ್ನೇ ಹಿಡಿಯುತ್ತಿರಲಿಲ್ಲ. ಎದೆಯ ಮೇಲಿನ ಗುಂಡಿಗಳನ್ನು ಭಾವ ಎಡಗೈಯಿಂದ ಹೇಗೋ ತಾನೇ ಹಾಕಿಕೊಳ್ಳುತ್ತಿದ್ದ. ಬಲಗಡೆಯ ಖಾಲಿ ತುದಿಯನ್ನು ಅಕ್ಕ ಮಡಚಿ ಪಿನ್ನು ಚುಚ್ಚುತ್ತಿದ್ದಳು. ಎಡಗೈಯ ಗುಂಡಿ ಮಾತ್ರ, ಉಳಿದಿರುವ ಆ ಒಂದೇ ಕೈಯ ಗುಂಡಿ ಮಾತ್ರ, ಆ ಕೈಗೇ ಎಟುಕುತ್ತಿರಲಿಲ್ಲ. ಅರ್ಧ ತೋಳಿನ ಅಂಗಿ ಹಾಕಿಕೊಂಡರೆ ತೀರಿತು. ಇಲ್ಲ, ದೊರೆಗಳಿಗೆ ತುಂಬುತೋಳೇ ಆಗಬೇಕು. “ಬೆಣ್ಣೇ, ಬಾರೋ ಇಲ್ಲಿ” ಎಂದು ಕರೆದು ಕೈ ಚಾಚಿ ನಿಲ್ಲುತ್ತಿದ್ದ, ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ದರ್ಜಿಯ ಮುಂದೆ ಅಳತೆಗೆ ನಿಂತವನ ಹಾಗೆ. ಅವನು ಚಹಾದ ಲೋಟ ಕೆಳಗಿಟ್ಟು ಏಳಬೇಕು. ಆ ದಪ್ಪ ಮಣಿಕಟ್ಟಿನ ಬಿಸಿ ಬೆರಳಿಗೆ ತಗಲುತ್ತಿತ್ತು, ನಾಡಿ ಹೊಡೆದುಕೊಳ್ಳುವುದೂ ತಿಳಿಯುತ್ತಿತ್ತು. “ಮೆತ್ತಗೆ ಹಾಕೋ, ಚರ್ಮ ಸಿಕ್ಕೊಳ್ಳತ್ತೆ” ಎಂದ ಭಾವ ಇವತ್ತೂ. ಸಿಕ್ಕಿಕೊಳ್ಳಲಿ ಎಂದುಕೊಂಡ ಅವನು. ಒಲೆಯ ಹತ್ತಿರದಿಂದ ಅಕ್ಕ, “ಬಿಡೀಂದ್ರೆ ಅವನನ್ನ, ಆಫೀಸಿಗೆ ಹೊತ್ತಾಗತ್ತೆ. ನಾನು ಹಾಕ್ತೀನಿ” ಎಂದಳು. “ನೀನು ಹಾಕೋದು ಇದ್ದೇ ಇದೆ. ಇವನೂ ಸ್ವಲ್ಪ ಕಲೀಲಿ. ಇವತ್ತು ತಾನೆ ನಿಮ್ಮ ಮೀಟಿಂಗು? ಸರಿಯಾಗಿ ಬರಿ. ಹೊಸದೇನೂ ಕೇಳ್ತಿಲ್ಲ ನಾವು. ಇರೋದು ಇದ್ದ ಹಾಗಿರ್ಲಿ ಅಷ್ಟೆ.” ಅವನು ಗುಂಡಿ ತೂರಿಸಿದ. ಅವನ ಹೆಂಡತಿ ಚೀಲ ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ಒಂದು ಕ್ಷಣ ನಿಂತು ಅವನ ಕಡೆ ನೋಡಿದಳು. ಇವರು ನಮ್ಮ ಮನೆಯಲ್ಲಿ ಇನ್ನೆಷ್ಟು ದಿನ ಎಂದು ಅವಳು ಬಾಯಿಬಿಟ್ಟು ಕೇಳುವುದನ್ನು ನಿಲ್ಲಿಸಿಯೇ ಬಹಳ ದಿನವಾಗಿತ್ತು. ಹೊರಡುವಾಗ ಅಕ್ಕ ಮೆಟ್ಟಿಲವರೆಗೂ ಬಂದು, “ಅವರ ಮಾತು ತಲೆಗೆ ಹಚ್ಕೋಬೇಡ ಕಣೋ. ನಿನ್ನ ಕೈಲಿ ಆಗೋದಿದ್ರೆ ಮಾಡು, ಆಗದಿದ್ರೆ ಇಲ್ಲ” ಎಂದಳು.

ಕೈಲಿ ಆಗೋದಿದ್ರೆ. ಬಸ್ಸಿನಲ್ಲಿ ಮೇಲಿನ ಕಂಬಿಗೆ ಜೋತುಬಿದ್ದ ಕೈಗಳನ್ನೇ ನೋಡುತ್ತ ನಿಂತ. ಕೂದಲಿನವು, ಬೆವರಿದವು, ಸುಣ್ಣ ಮೆತ್ತಿದವು, ಉಗುರಿಗೆ ಬಣ್ಣ ಬಳಿದವು. ಈ ಕೈ ಎಲ್ಲಿ ಮುಗಿಯುತ್ತದೆ? ತನ್ನ ಕೈಗಡಿಯಾರದ ಪಟ್ಟಿಯನ್ನು ನೋಡಿಕೊಂಡ. ಅದರ ಕೆಳಗಿರುವುದು ಕೈ ಎಂಬುದರಲ್ಲಿ ಯಾವ ಬಡ್ಡೀಮಗನಿಗೂ ಅನುಮಾನವಿಲ್ಲ. ಅದರ ಮೇಲಿರುವುದು ಏನು? ಇಷ್ಟು ದಿನದಿಂದ ಇದೇ ಅವನ ಕೆಲಸ. ಹೊಳೆಯ ಈಚೆಗೊಂದು ಪ್ರಾಂತ್ಯ, ಆಚೆಗೊಂದು ಪ್ರಾಂತ್ಯ. ಕೆಲಸದಲ್ಲಿ ಗಾಯಗೊಂಡವರಿಗೆ ಮಾಲೀಕ ಏನು ಕೊಡಬೇಕೆನ್ನುವ ನಿಯಮ ಆ ಕಡೆ ಒಂದು, ಈ ಕಡೆ ಒಂದು. ಎರಡನ್ನೂ ಹೊಂದಿಸಿ ಒಂದು ಮಾಡಲು ಸಮಿತಿ ಕೂತಿತ್ತು. ಕರಡು ಬರೆಯುವವನು ಅವನು, ಅದಕ್ಕೇ ಆಫೀಸಿನವರು ಬೆನ್ನ ಹಿಂದೆ ಅವನನ್ನು ಕರಡಿ ಎನ್ನುತ್ತಿದ್ದರು. ಕಣ್ಣು, ಕಿವಿ, ಬೆನ್ನುಮೂಳೆ ಎಲ್ಲ ತಕರಾರಿಲ್ಲದೆ ಮುಗಿದಿತ್ತು, ಉಳಿದದ್ದು ಕೈ. ಆಚೆಯವರ ನಿಯಮದಲ್ಲಿ ಕೈ ಎಂದರೆ ಮಣಿಕಟ್ಟಿನಿಂದ ಕೆಳಗೆ, ಅಷ್ಟು ಹೋದರೆ ಕೈ ಹೋದಂತೆ, ಬದುಕಿರುವವರೆಗೂ ಪಿಂಚಣಿ. ಈಚೆಯವರಿಗೆ ಕೈ ಎಂದರೆ ಭುಜದ ಕೀಲಿನಿಂದ ಬೆರಳ ತುದಿಯವರೆಗೆ, ಮಣಿಕಟ್ಟಿನಲ್ಲಿ ಹೋದರೆ ಅದು ಕೈಯ ಒಂದು ಭಾಗ ಮಾತ್ರ, ಒಂದು ಸಲ ಒಂದು ಗಂಟು ಕೊಟ್ಟು ಹೋಗಿಬನ್ನಿ ಎನ್ನುವುದು. ಭಾವ ಆಚೆಯ ಕಾರ್ಖಾನೆಯಲ್ಲಿ ತಗಡು ಒತ್ತುವವನು, ಯಂತ್ರ ಅವನ ಬಲಗೈಯನ್ನು ಮಣಿಕಟ್ಟಿಗೆ ಸರಿಯಾಗಿ ತಿಂದಿತ್ತು. ಅರ್ಜಿ ಬಾಕಿಯಿತ್ತು. ಬಾಕಿ ಇರುವ ಅರ್ಜಿಗಳಿಗೂ ಹೊಸ ನಿಯಮವೇ ಅನ್ವಯ ಎಂಬ ಸಾಲನ್ನು ಹಿಂದಿನ ವಾರವೇ ಇದೇ ಕೈಯಿಂದ ಅವನು ಬರೆದಿದ್ದ. ಪಕ್ಕದ ದಡೂತಿ ಮನುಷ್ಯ, “ಸ್ವಲ್ಪ ಕೈ ತೆಗೀರಿ ಸ್ವಾಮಿ, ಇಳೀಬೇಕು” ಎಂದ. ಎಲ್ಲಿಂದ ತೆಗೆಯಲಿ ಎಂದು ಕೇಳಬೇಕೆನಿಸಿತು ಅವನಿಗೆ.

ಭಾವನ ಆ ಕೈ ಅವನಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಸ್ವಂತ ಮುಖಕ್ಕಿಂತ ಚೆನ್ನಾಗಿ ಗೊತ್ತಿತ್ತು ಎಂದರೂ ಸುಳ್ಳಲ್ಲ. ತನಗೆ ಈ ಕೆಲಸ ಸಿಕ್ಕಿದ ಸಂತೋಷಕ್ಕೆ ಎಲ್ಲರೂ ಸೇರಿದ್ದ ದಿನ ಭಾವ ಶಹಭಾಸ್ ಎಂದು ಕೈ ಕುಲುಕಲು ಬಂದವನು ಹಿಡಿದು ಹಿಚುಕಿದ್ದ, ಹಿಚುಕುತ್ತಲೇ ಇದ್ದ, ಬೆರಳ ಗೆಣ್ಣುಗಳು ಒಂದರ ಮೇಲೊಂದು ಹತ್ತಿ ಅವನ ಕಣ್ಣಲ್ಲಿ ನೀರು ಬಂದು “ಅಯ್ಯೋ ಬಿಡಿ ಭಾವ” ಎನ್ನುವವರೆಗೆ. “ನೋಡ್ರಪ್ಪಾ, ಪೆನ್ನು ಹಿಡಿಯೋ ಕೈ, ಬೆಣ್ಣೆ!” ಎಂದು ಎತ್ತಿ ತೋರಿಸಿದ್ದ. ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆಗಿನಿಂದ ಅವನು ಬೆಣ್ಣೆ. ಹೆಂಡತಿಯ ಎದುರಿಗೂ ಬೆಣ್ಣೆ, ಅವಳ ತವರಿನವರ ಎದುರಿಗೂ ಬೆಣ್ಣೆ. ಸಂಜೆ ಪಕ್ಕದ ಮನೆಯವರ ಹತ್ತಿರ ಭಾವ, “ನಿಯಮ ಬರೆಯೋ ಆಫೀಸಲ್ಲೇ ಇದಾನೆ ನಮ್ಮ ಬಾಮೈದ. ಕೈ ಬಿಡ್ತಾನಾ ನನ್ನ?” ಎಂದು ಮೀಸೆ ತಿರುವುವುದು ಗೋಡೆಯಾಚೆಗೂ ಕೇಳಿಸುತ್ತಿತ್ತು. ಅದು ನಂಬಿಕೆಯೋ ಅಪ್ಪಣೆಯೋ ಅವನಿಗೆ ತಿಳಿಯುತ್ತಿರಲಿಲ್ಲ. ಕೈಯಿಲ್ಲದವನನ್ನು ದ್ವೇಷಿಸುವುದು ಎಷ್ಟು ಕಷ್ಟ! ಕೈ ಇದ್ದಾಗ ಎಷ್ಟು ಸಲೀಸಾಗಿತ್ತು. ಆಸ್ಪತ್ರೆಯಿಂದ ಸುದ್ದಿ ಬಂದ ದಿನ ಅಯ್ಯೋ ಎಂದದ್ದು ನಿಜ, ಆದರೆ ಆ ಅಯ್ಯೋ ಬಾಯಿಗೆ ಬರುವ ಮೊದಲು ಒಳಗೆಲ್ಲೋ ಒಂದು ಕಿಟಕಿ ತೆರೆದು ಗಾಳಿ ಬಂದ ಹಾಗಾಗಿದ್ದೂ ನಿಜ. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಸಮಿತಿಯ ಕೋಣೆಯಲ್ಲಿ ಫ್ಯಾನು ತಿರುಗುವುದಕ್ಕಿಂತ ಹೆಚ್ಚು ಗೊಣಗುತ್ತಿತ್ತು. ಅಧ್ಯಕ್ಷೆ ಕನ್ನಡಕ ಒರೆಸಿಕೊಂಡು, ದಿನವೂ ಹೇಳುವ ಹಾಗೆಯೇ, “ಇಲ್ಲಿ ಕೂತವರ ನೆಂಟರದ್ದು ಯಾರದ್ದಾದರೂ ಅರ್ಜಿ ಬಾಕಿ ಇದ್ದರೆ ಈಗಲೇ ಹೇಳಿಬಿಡಿ. ಆಮೇಲೆ ರಗಳೆ ಬೇಡ” ಎಂದರು. ಅವನು ಸೀಸದಕಡ್ಡಿ ಚೂಪು ಮಾಡುತ್ತಿದ್ದ. ಮಾಡುತ್ತಲೇ ಇದ್ದ. ಭಾವ ನೆಂಟನೇ? ಅಕ್ಕನನ್ನು ಕಟ್ಟಿಕೊಂಡ ಮಾತ್ರಕ್ಕೆ ತನಗೇನಾಗಬೇಕು ಅವನು? ಯಾರೂ ಏನೂ ಹೇಳಲಿಲ್ಲ, ಅಧ್ಯಕ್ಷೆ ಮುಂದಿನ ಹಾಳೆ ತಿರುವಿದರು. ಮಾಲೀಕರ ಸಂಘದ ವಕೀಲ ನಯವಾಗಿ ಕೆಮ್ಮಿದ. “ನೋಡಿ ಮೇಡಂ, ನಮ್ಮವರೊಬ್ಬರಿಗೆ ಹೊಳೆಯ ಎರಡೂ ದಂಡೆ ಮೇಲೆ ಕಾರ್ಖಾನೆ ಇದೆ. ಅದೇ ಯಂತ್ರ, ಅದೇ ಗಾಯ. ಸೇತುವೆ ದಾಟಿದ್ರೆ ಲೆಕ್ಕವೇ ಬೇರೆ. ಏನು ತಮಾಷೆ ಇದು?” ಎದುರಿಗಿದ್ದ ಕಾರ್ಮಿಕರ ಪ್ರತಿನಿಧಿ, ದೊಡ್ಡ ಗಂಟಲಿನ ಆಸಾಮಿ, ಮೇಜು ಗುದ್ದಿದ. “ತಮಾಷೆ ಯಾರಿಗೆ ಸ್ವಾಮಿ? ಕೈ ಹೋದವನಿಗಾ?”

“ಕೈ ಹೋದವನಿಗೆ ಕೊಡಬೇಡಿ ಅಂತ ಯಾರಂದರು? ಕೈ ಅಂದ್ರೇನು ಅಂತ ಕೇಳ್ತಿದೀನಿ. ಕೈ ಎತ್ತು ಅಂದ್ರೆ ಯಾರಾದರೂ ಮಣಿಕಟ್ಟು ಮಾತ್ರ ಎತ್ತುತಾರಾ?”

“ಕೈ ತೊಳ್ಕೊಂಡು ಬನ್ನಿ ಅಂದ್ರೆ ಭುಜದವರೆಗೂ ತೊಳ್ಕೊಂಡು ಬರ್ತೀರಾ ನೀವು?”

ಅಧ್ಯಕ್ಷೆಗೆ ನಗು ಬಂತು, ತಡೆದುಕೊಂಡರು. ವಕೀಲ ಸೋಲುವವನಲ್ಲ. “ಮೊಣಕೈ ಅಂತೀವಿ, ಮುಂಗೈ ಅಂತೀವಿ. ಎಲ್ಲದರಲ್ಲೂ ಕೈ ಇದೆಯಲ್ಲ? ಕೈ ಮಣಿಕಟ್ಟಿಗೇ ಮುಗಿದುಹೋದ್ರೆ ಮೊಣಕೈ ಎಲ್ಲಿಂದ ಬಂತು?” “ಹಾಗಾದ್ರೆ ತೋಳು ಅನ್ನೋ ಮಾತು ಯಾಕಿದೆ? ತಲೆದಿಂಬು ಮಾಡ್ಕೊಳ್ಳೋಕಾ?” ಎಂದ ಪ್ರತಿನಿಧಿ. “ಕೆಲಸ ಮಾಡೋದು ಬೆರಳು ಮತ್ತು ಅಂಗೈ. ಅದು ಹೋದ ಮೇಲೆ ಉಳಿದದ್ದು ಕೊಂಬೆ. ಕೊಂಬೆ ಇಟ್ಕೊಂಡು ಏನು ಮಾಡ್ತಾನೆ ಅವನು, ಬಟ್ಟೆ ಒಣಗಹಾಕ್ತಾನಾ?” ಹೀಗೇ ಊಟದ ಹೊತ್ತಾಯಿತು. ಒಬ್ಬ ಕೈ ಹಿಡಿಯುವ ಮಾತನ್ನು ಎಳೆದು ತಂದರೆ ಇನ್ನೊಬ್ಬ ಕೈ ಕೊಡುವ ಮಾತನ್ನು ಎಳೆದು ತಂದ. ಅವನಿಗೆ ಎದುರಿನ ನೀರಿನ ಹೂಜಿ, ಅದರ ಮೇಲೆ ಕೂತ ನೊಣ, ವಕೀಲನ ಅಂಗಿಯ ಮಣಿಕಟ್ಟಿನಲ್ಲಿ ಮಿಂಚುವ ಬೆಳ್ಳಿಯ ಗುಂಡಿ, ಎಲ್ಲವೂ ತನ್ನನ್ನು ಕಂಡು ಹಲ್ಲು ಕಿರಿಯುತ್ತಿರುವಂತೆ ಅನಿಸಿತು. ಎರಡು ಓಟು ಆ ಕಡೆಗೊಂದು ಈ ಕಡೆಗೊಂದು. ಅಧ್ಯಕ್ಷೆಯದೇ ಕೊನೆಯ ಮಾತು. ಅವರು ಹಣೆ ಒತ್ತಿಕೊಂಡು, “ನಿಮ್ಮಿಬ್ಬರ ಜಗಳ ಮುಗಿಯೋದಲ್ಲ. ಕರಡು ಬರೆಯೋರು ಹೇಳಲಿ. ಮಾತು ಬಲ್ಲವರು, ಯಾರ ಕಡೆಯೂ ಅಲ್ಲ. ಹೇಳಿ ಸರ್. ಜನ ಯಾವ ಅರ್ಥದಲ್ಲಿ ಆಡ್ತಾರೆ? ನಾನೂ ಅದಕ್ಕೇ ಕೈ ಎತ್ತುತೀನಿ” ಎಂದರು.

ಯಾರ ಕಡೆಯೂ ಅಲ್ಲ! ಮೂರು ಮುಖಗಳು ಅವನ ಕಡೆ ತಿರುಗಿದವು. ಮಣಿಕಟ್ಟು ಎಂದರೆ ಭಾವನಿಗೆ ಪಿಂಚಣಿ, ನೆಂಟನಿಗೆ ಹಾಲು ಕರೆದುಕೊಟ್ಟ ಹಾಗೆ, ನಾಳೆ ಯಾವನಾದರೂ ಮೂಗು ತೂರಿಸಿ ಹಿಡಿದರೆ ಕೆಲಸಕ್ಕೇ ಸಂಚಕಾರ. ಅಷ್ಟೇ ಅಲ್ಲ, ಪಿಂಚಣಿ ಸಿಕ್ಕರೆ ಅವರು ಮನೆ ಖಾಲಿ ಮಾಡುತ್ತಾರೆ, ಬೆಳಗಿನ ಗುಂಡಿ ತಪ್ಪುತ್ತದೆ, ಹಾಗಾಗಿ ಅದು ಸ್ವಾರ್ಥವೂ ಹೌದು. ಭುಜ ಎಂದರೆ? ಭುಜ ಎಂದರೆ ನ್ಯಾಯ, ನಿಷ್ಪಕ್ಷಪಾತ, ತನ್ನ ಹೊಟ್ಟೆಯ ಮೇಲೆ ತಾನೇ ಕಲ್ಲು ಹಾಕಿಕೊಂಡವನ ಪ್ರಾಮಾಣಿಕತೆ. ಎಷ್ಟು ಚೆನ್ನಾಗಿ ಕಾಣುತ್ತದೆ! ಕಾಣುವುದಷ್ಟೇ. ಯಾವ ಕಡೆ ತಿರುಗಿದರೂ ಅಲ್ಲಿ ತಾನೇ ನಿಂತಿದ್ದ, ಕಳ್ಳನ ಹಾಗೆ. ಕೈ, ಕೈ ಎಂದು ಮನಸ್ಸಿನಲ್ಲೇ ಹೇಳಿಕೊಂಡ. ಹೇಳಿಕೊಂಡಷ್ಟೂ ಆ ಶಬ್ದ ಅರ್ಥ ಕಳೆದುಕೊಂಡು ಬಾಯೊಳಗೆ ಚರಟದ ಹಾಗೆ ಉಳಿಯಿತು. ಆಮೇಲೆ ಅದು ಕಾಣಿಸಿತು. ಅವನು ಓದುತ್ತಿದ್ದ ಕಾಲ, ಅಕ್ಕನ ಮನೆಯಲ್ಲಿ ರಜೆಗೆ ಉಳಿದಿದ್ದ ದಿನ, ಅರೆ ತೆರೆದ ಅಡುಗೆಮನೆಯ ಬಾಗಿಲು, ಒಲೆಯ ಮೇಲೆ ಉಕ್ಕುತ್ತಿದ್ದ ಹಾಲು. ಅಕ್ಕ ಏನೋ ಎದುರು ಮಾತಾಡಿದ್ದಳು. ಭಾವನ ಕೈ ಮೇಲೆದ್ದಿತ್ತು. ಬೆರಳುಗಳಲ್ಲ ಎದ್ದದ್ದು, ಅಂಗೈಯಲ್ಲ. ಭುಜ ಮೊದಲು ಹಿಂದಕ್ಕೆ ಹೋಗಿತ್ತು, ಆಮೇಲೆ ತೋಳು, ಆಮೇಲೆ ಮೊಣಕೈ, ಕೊನೆಗೆ, ಎಲ್ಲಕ್ಕಿಂತ ಕೊನೆಗೆ, ಆ ಅಂಗೈ ಬಂದು ಅಕ್ಕನ ಕೆನ್ನೆಗೆ ಬಿದ್ದಿತ್ತು. ಮಾರನೆಯ ದಿನ ಅವಳು ಬಾಗಿಲು ತಗುಲಿತು ಎಂದಿದ್ದಳು.

“ಭುಜದಿಂದ” ಎಂದ. ದನಿ ಎಷ್ಟು ಸ್ಪಷ್ಟವಾಗಿತ್ತೆಂದರೆ ಅವನಿಗೇ ಗಾಬರಿಯಾಯಿತು. “ಕೈ ಮಾಡೋದು ಅಂತಾರಲ್ಲ, ಹೊಡೆಯೋದಕ್ಕೆ. ಅದು ಶುರುವಾಗೋದೇ ಭುಜದಿಂದ. ರೂಢಿಯಲ್ಲಿ ಕೈ ಅಂದ್ರೆ ಪೂರ್ತಿ ಕೈ.” ಪ್ರತಿನಿಧಿ, “ಹೊಡೆಯೋದರಿಂದ ಅರ್ಥ ಹೇಳ್ತೀರಾ? ಭೇಷ್” ಎಂದು ಕುರ್ಚಿ ಹಿಂದಕ್ಕೆ ದೂಡಿದ. ಅಧ್ಯಕ್ಷೆ, ಆಯಿತು, ಒಪ್ಪಿದವರು ಕೈ ಎತ್ತಿ ಎಂದರು. ವಕೀಲ ಶಾಲೆಯ ಹುಡುಗನ ಹಾಗೆ ಇಡೀ ತೋಳು ಎತ್ತಿದ. ಅಧ್ಯಕ್ಷೆಗೆ ಸುಸ್ತಾಗಿತ್ತು, ಮೊಣಕೈಯನ್ನು ಮೇಜಿನ ಮೇಲೆಯೇ ಬಿಟ್ಟು ಅಂಗೈಯೊಂದನ್ನು ಮಣಿಕಟ್ಟಿನಿಂದ ಮೇಲಕ್ಕೆ ಮಾಡಿದರು. ಅದೂ ಕೈಯೆಂದೇ ಲೆಕ್ಕಕ್ಕೆ ಬಂತು. ಅವನು ಬರೆದುಕೊಂಡ.

ಹೊರಗೆ ಮೊಗಸಾಲೆಯಲ್ಲಿ ವಕೀಲ ಅವನ ಕೈ ಕುಲುಕಿ, “ನಿಮ್ಮಂಥ ನೇರ ಮನುಷ್ಯರು ಈಗ ಎಲ್ಲಿದ್ದಾರೆ ಸರ್” ಎಂದ. ವಕೀಲನ ಕೈ ಮೆತ್ತಗಿತ್ತು, ತನ್ನದಕ್ಕಿಂತ ಮೆತ್ತಗೆ. ಬಸ್ಸು ಹತ್ತಲು ಮನಸ್ಸಾಗದೆ ನಡೆದೇ ಹೊರಟ. ಚಪ್ಪಲಿ ಹೊಲಿಯುವವನೊಬ್ಬ ಹಲ್ಲಿನಲ್ಲಿ ದಾರ ಕಚ್ಚಿ ಎಳೆಯುತ್ತಿದ್ದ, ಅಂಗಡಿಯವಳೊಬ್ಬಳು ಬೈಯುತ್ತ ಶಟರು ಎಳೆಯುತ್ತಿದ್ದಳು, ಯಾರೂ ಅವನ ಕಡೆ ನೋಡಲಿಲ್ಲ. ಸುಳ್ಳು ಹೇಳಿದೆನೇ? ಇಲ್ಲ. ನಿಘಂಟು ತೆಗೆದು ನೋಡಲಿ ಯಾರು ಬೇಕಾದರೂ. ಹೇಳಿದ್ದು ನಿಜ, ಅಕ್ಷರಶಃ ನಿಜ, ಆದರೆ ಆ ನಿಜವನ್ನು ಹೇಳುವಾಗ ನಾಲಿಗೆಗೆ ಒಂದು ರುಚಿ ಹತ್ತಿತ್ತು. ಆ ರುಚಿ ಇನ್ನೂ ಹೋಗಿರಲಿಲ್ಲ. ಭಾವನಿಗೆ ಇದು ಆಗಬೇಕಾದದ್ದೇ, ಮಾಡಿದ್ದುಣ್ಣೋ ಮಹರಾಯ ಎಂದುಕೊಂಡ. ಎಂದುಕೊಂಡ ಮೇಲೆಯೇ ಹೊಳೆಯಿತು, ಉಣ್ಣುವುದು ತನ್ನ ಮನೆಯಲ್ಲೇ ಎಂದು. ಕಾರ್ಖಾನೆಯ ಗಂಟು ಆಸ್ಪತ್ರೆಯ ಬಾಕಿಗೇ ಸಾಲದು. ಇನ್ನು ಅವರು ಎಲ್ಲಿಗೂ ಹೋಗುವ ಹಾಗಿಲ್ಲ, ಇವತ್ತಲ್ಲ, ಬರುವ ವರ್ಷವೂ ಅಲ್ಲ. ನಡುರಸ್ತೆಯಲ್ಲಿ ನಿಂತುಬಿಟ್ಟ. ಹಿಂದಿನಿಂದ ಸೈಕಲಿನವನೊಬ್ಬ, “ಕಣ್ಣೇನು ಮನೇಲಿ ಬಿಟ್ಟು ಬಂದ್ಯಾ?” ಎಂದು ಬೈದುಕೊಂಡು ಹೋದ.

ಬಾಗಿಲು ತೆರೆದದ್ದು ಭಾವನೇ, ಹೆಂಡತಿ ಕೆಲಸದಿಂದ ಇನ್ನೂ ಬಂದಿರಲಿಲ್ಲ. ಕ್ಷೌರ ಮಾಡಿಸಿಕೊಂಡು ಬಂದಿದ್ದ, ಮುಖ ಹೊಳೆಯುತ್ತಿತ್ತು. “ಏನಾಯ್ತೋ?” ಅಕ್ಕ ಒಲೆಯ ಹತ್ತಿರದಿಂದ ಸೆರಗಿಗೆ ಕೈ ಒರೆಸುತ್ತ ಬಂದು ನಿಂತಳು. ಅವನು ಸಮಿತಿ ತೀರ್ಮಾನ ಮಾಡಿದೆ ಎಂದ, ಎರಡೂ ಕಡೆಯ ಹಿತ ನೋಡಿ ಎಂದ, ಅಂತೂ ಕೊನೆಗೆ ಭುಜದಿಂದ ಎಂದ. ಭಾವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. “ಯಾವನೋ ಹಾಗಂದವನು?” ಸುಳ್ಳು ಹೇಳಬಹುದಿತ್ತು. ಆದರೆ ಅವನೊಳಗಿನ ಒಂದು ಕೆಟ್ಟ ಜೀವ, ವರ್ಷಗಳಿಂದ ಹಸಿದದ್ದು, ಈ ಗಳಿಗೆಗಾಗಿಯೇ ಕಾದು ಕೂತಿತ್ತು. “ನನ್ನ ಕೇಳಿದರು. ನಾನೇ ಹೇಳಿದೆ” ಎಂದ. ಭಾವನ ಎಡಗೈ ಮೇಲೇಳುತ್ತದೆ ಎಂದುಕೊಂಡು ಕೆನ್ನೆಯನ್ನು ಗಟ್ಟಿ ಮಾಡಿಕೊಂಡ. ಏಟು ಬಿದ್ದರೆ ಎಲ್ಲ ಸರಿಹೋಗುತ್ತಿತ್ತು. ಭಾವ ನಕ್ಕ.

“ಭುಜದ ಹತ್ರ ಹೋಗಿದ್ರೆ ಸಿಗ್ತಿತ್ತು ಅನ್ನು.”

“ಹೂಂ.”

“ಕೇಳಿದ್ಯೇನೇ?” ಭಾವ ಅಕ್ಕನ ಕಡೆ ತಿರುಗಿದ, ಮತ್ತೆ ಅವನ ಕಡೆ. “ಅವತ್ತು ಡಾಕ್ಟರು ನಂಜು ಏರ್ತಿದೆ, ಭುಜಕ್ಕೇ ತೆಗೆದುಬಿಡ್ತೀನಿ ಅಂದ. ಇವಳು ನೆಲದ ಮೇಲೆ ಬಿದ್ದು ಅವನ ಕಾಲು ಹಿಡ್ಕೊಂಡಳು. ಉಳಿಸಿಕೊಡಿ, ಎಷ್ಟಾದರೆ ಅಷ್ಟು ಉಳಿಸಿಕೊಡಿ ಅಂತ. ರಾತ್ರಿಯೆಲ್ಲ ಬಟ್ಟೆ ಬದಲಾಯಿಸಿ ಉಳಿಸಿದಳು ಕಣೋ ಇಷ್ಟನ್ನ.” ಮಡಚಿದ ತೋಳನ್ನು ಅವನ ಮೂಗಿನ ಮುಂದೆ ಹಿಡಿದ. “ನಿನ್ನ ಅಕ್ಕ ಉಳಿಸಿದ ಉದ್ದ ಇದು. ಇದಿದೆ ಅಂತ ನಂಗೆ ಅನ್ನ ಇಲ್ಲ. ಭಲೇ ಬೆಣ್ಣೆ.” ಕೋಣೆಗೆ ಹೋಗಿ ಕಾಲಿನಿಂದ ಬಾಗಿಲು ದೂಡಿಕೊಂಡ. ಒಳಗೆ ಮಂಚ ಕಿರುಗುಟ್ಟಿತು.

ಅಕ್ಕ ನಿಂತಲ್ಲೇ ನಿಂತಿದ್ದಳು. ಅವನಿಗೆ ನೆಲ ಬಿರಿಯಬಾರದೇ ಎನಿಸಿತು, ಜೊತೆಗೆ ಕೋಪವೂ ಬಂತು, ಇವಳಿಗಾದರೂ ಅರ್ಥವಾಗಬೇಡವೇ ಎಂದು. “ಅವನು ನಿನಗೆ ಹೊಡೀತಿದ್ದ ಅಕ್ಕಾ” ಎಂದ ಪಿಸುದನಿಯಲ್ಲಿ. “ಅದೇ ಕೈಯಲ್ಲಿ. ನಾನು ನೋಡಿದ್ದೆ.”

“ನೋಡಿದ್ದು ನಂಗೊತ್ತು. ಏಟು ಬಿದ್ದಿದ್ದು ನನಗೆ ಕಣೋ. ತೀರಿಸ್ಕೊಳ್ಳಬೇಕಾಗಿದ್ರೆ ನಾನು ತೀರಿಸ್ಕೋತಿರಲಿಲ್ವಾ? ಆ ಡಾಕ್ಟರು ಕೇಳಿದಾಗ ಸುಮ್ಮನಿದ್ದಿದ್ರೆ ಸಾಕಾಗಿತ್ತು.” ಅವಳ ದನಿಯಲ್ಲಿ ಅಳು ಇರಲಿಲ್ಲ, ಅದು ಅವನನ್ನು ಹೆದರಿಸಿತು. “ನೀನು ಈಗ ತೀರಿಸ್ಕೊಂಡಿದ್ದು ಯಾರ ಮೇಲೆ, ಹೇಳು ನೋಡೋಣ.”

“ನಾನಾಗಿ ಹೇಳಲಿಲ್ಲ ಅಕ್ಕ. ಕೇಳಿದರು.”

“ಕೇಳಿದ್ರೆ ಗೊತ್ತಿಲ್ಲ ಅನ್ನಬಹುದಿತ್ತಲ್ಲ. ಅಷ್ಟು ಓದಿದೀಯ. ಗೊತ್ತಿಲ್ಲ ಅನ್ನೋದಕ್ಕೆ ಏನಾಗಿತ್ತು ನಿಂಗೆ?”

ಇಡೀ ದಿನದಲ್ಲಿ ಆ ಮಾತು ಒಮ್ಮೆಯೂ ಅವನ ಮನಸ್ಸಿನ ಹತ್ತಿರ ಸುಳಿದಿರಲಿಲ್ಲ ಎಂಬುದು ಆಗ ತಿಳಿದು ಕುರ್ಚಿಯ ತುದಿಯಲ್ಲಿ ಕುಕ್ಕರಿಸಿದ. ಅಕ್ಕ ಒಳಗೆ ಹೋದಳು. ಗಂಟುಮೂಟೆ ಕಟ್ಟುತ್ತಾಳೆ, ಈಗ ಹೊರಟುಬಿಡುತ್ತಾಳೆ ಎಂದು ಕಾದ. ಬಾಗಿಲಿಗೆ ಅಡ್ಡ ನಿಂತು ಬೇಡ ಅಕ್ಕ, ಇರು ಎನ್ನಬೇಕು, ನಾಳೆಯೇ ಅಧ್ಯಕ್ಷೆಯ ಕಾಲಿಗೆ ಬಿದ್ದು ತಿದ್ದಿಸುತ್ತೇನೆ ಎನ್ನಬೇಕು ಎಂದು ಒಳಗೊಳಗೇ ಮಾತು ಜೋಡಿಸಿದ. ಒಳಗಿನಿಂದ ತಟ್ಟೆ ತೊಳೆಯುವ ಸದ್ದು, ಮುಚ್ಚಳ ತೆಗೆದ ಸದ್ದು. ಅವಳು ಹೊರಟಿರಲಿಲ್ಲ. ಎಲ್ಲಿಗೆ ಹೊರಡುತ್ತಾಳೆ? ಹೊರಡುವ ದಾರಿಯನ್ನು ಮಧ್ಯಾಹ್ನವೇ ಮುಚ್ಚಿ ಬಂದಿದ್ದ. ಸ್ವಲ್ಪ ಹೊತ್ತಿಗೆ ಅವಳು ಅಡುಗೆಮನೆಯ ಬಾಗಿಲಿಗೆ ಬಂದಳು. ತಲೆಗೂದಲು ಸರಿ ಮಾಡಿಕೊಂಡಿದ್ದಳು, ಮುಖ ತೊಳೆದಿದ್ದಳು, ಸೆರಗನ್ನು ಎರಡೂ ಹೆಗಲ ಮೇಲೆ ಹೊದ್ದಿದ್ದಳು. ಬೇರೆಯವರ ಮನೆಯಲ್ಲಿ ನಿಂತವರ ಹಾಗೆ ಬಾಗಿಲ ಒಂದು ಬದಿಗೆ ಸರಿದು ನಿಂತಳು.

“ಊಟಕ್ಕೆ ಬನ್ನಿ” ಎಂದಳು.

ಅವನು ಹಿಂದೆ ತಿರುಗಿ ನೋಡಿದ. ಭಾವ ಎದ್ದು ಬಂದಿರಬೇಕು. ಕೋಣೆಯ ಬಾಗಿಲು ಮುಚ್ಚಿಯೇ ಇತ್ತು.

“ನಿಮಗೇ ಹೇಳಿದ್ದು.”